ತುರಿಮಣೆ ಪಕ್ಕ ಕೂತ ಕೆಂಚಿ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ನಾನು ಊಟದ ಡಬ್ಬಿ ಕಟ್ಟುತ್ತಿದ್ದೆ. ಬೆಲ್ ಆಯಿತು. ಮನೆಯವರು ಹೋಗಿ ಬಾಗಿಲು ತೆಗೆದರು. ನಮ್ಮ ನಾಯಿ ಕೆಂಚಿ ಅವರ ಕಾಲ ಸಂದಿಯಲ್ಲಿ ನುಗ್ಗಿ ಹೊರಗೆ ಹಾರಿದಳು. ಆಮೇಲೆ ಕೇಳಿಸಿದ್ದು 20 ಲೀಟರಿನ ಕ್ಯಾನು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿಕೊಂಡು ಹೋದ ಸದ್ದು.

ನಾನು ಓಡಿಹೋಗಿ ನೋಡಿದಾಗ ನೀರಿನ ಹುಡುಗ ಗೋಡೆಗೆ ಅಂಟಿಕೊಂಡು ನಿಂತಿದ್ದ. ಮೊಣಕಾಲ ಕೆಳಗೆ ಪ್ಯಾಂಟು ಒಂದು ಗೇಣು ಹರಿದಿತ್ತು. ಕೆಂಚಿ ಎರಡು ಮೆಟ್ಟಿಲು ಮೇಲೆ ನಿಂತು ಬೊಗಳುತ್ತಿದ್ದಳು. ಮೈಯೆಲ್ಲ ನಡುಗುತ್ತಿತ್ತು. ಬಾಲ ಹೊಟ್ಟೆಯ ಕೆಳಗೆ ಸೇರಿಹೋಗಿತ್ತು. ಬಾಯಿ ಹಾಕಿದವಳೂ ಅವಳೇ, ನಡುಗುತ್ತಿದ್ದವಳೂ ಅವಳೇ.

ಹುಡುಗನ ಕಾಲನ್ನು ನಲ್ಲಿ ಕೆಳಗೆ ಇಟ್ಟು ಸೋಪು ಹಾಕಿ 15 ನಿಮಿಷ ತೊಳೆಸಿದೆ. ನಾಯಿ ಬಾಯಿ ಹಾಕಿದರೆ ಮೊದಲು ಮಾಡಬೇಕಾದ ಕೆಲಸ ಅದು, ಗಾಯ ಕಾಣಿಸಲಿ ಬಿಡಲಿ. ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹಲ್ಲು ಚರ್ಮಕ್ಕೆ ತಾಗಿಲ್ಲ ಅಂತ ಅವರು ನೋಡಿ ಹೇಳಿದಾಗ ನನಗೆ ಉಸಿರು ಬಂತು. ಕೆಂಚಿಯ ರೇಬಿಸ್ ಲಸಿಕೆಯ ಪುಸ್ತಕ ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ. ಹುಡುಗ ಒಂದು ಮಾತೂ ಬೈಯಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾರ, ಅದಕ್ಕೂ ಹೆದರಿಕಿ ಇರ್ತದ" ಅಂದ. ರಾಯಚೂರು ಕಡೆಯವನು. ಅವನ ಆ ಮಾತಿಗೆ ನನಗೆ ಅಳು ಬಂತು.

ಕೆಂಚಿ ನಮ್ಮ ಮನೆಗೆ ಬಂದಾಗ ಅವಳಿಗೆ ಸುಮಾರು ಎಂಟು ತಿಂಗಳು. ಹನುಮಂತನಗರದ ಬೀದಿಯಲ್ಲಿ ಹುಟ್ಟಿದವಳು. ಒಂದು ಮಳೆಗಾಲದ ರಾತ್ರಿ ಕುಂಟುತ್ತಾ ನಮ್ಮ ಗೇಟಿನ ಒಳಗೆ ಬಂದು ಸ್ಕೂಟರ್ ಪಕ್ಕ ಮಲಗಿದಳು, ಮತ್ತೆ ಹೋಗಲಿಲ್ಲ. ಕೆಂಪು ಮೈ ನೋಡಿ ಅತ್ತೆ ಕೆಂಚಿ ಅಂತ ಕರೆದರು. ಮನೆಯೊಳಗೆ ಇವಳಷ್ಟು ಸಾಧು ಇನ್ನೊಂದಿಲ್ಲ. ಮಗಳು ಹೋಂವರ್ಕ್ ಬರೆಯುವಾಗ ಅವಳ ಪಾದದ ಮೇಲೆ ಗದ್ದ ಊರಿ ಮಲಗುತ್ತಾಳೆ. ಆದರೆ ಬಾಗಿಲಾಚೆ ಹೆಲ್ಮೆಟ್ ಹಾಕಿದ ಗಂಡಸು ಕಂಡರೆ, ಯಾರಾದರೂ ಭುಜದ ಮೇಲೆ ಏನಾದರೂ ಹೊತ್ತು ಮೆಟ್ಟಿಲು ಹತ್ತಿದರೆ, ಅವಳು ಬೇರೆಯೇ ನಾಯಿ. ಇದು ನಮಗೆ ಗೊತ್ತಿತ್ತು. ಬೊಗಳುತ್ತಾಳೆ ಅಷ್ಟೇ ಅಲ್ವಾ ಅಂತ ಎರಡು ವರ್ಷ ಬಿಟ್ಟಿದ್ದೆವು. ಹಾಗೆ ಬಿಡಬಾರದಿತ್ತು.

ಆ ವಾರವೇ ಟ್ರೇನಿಂಗ್ ಹುಡುಕಲು ಶುರು ಮಾಡಿದೆ.

ಬೆಂಗಳೂರಿನಲ್ಲಿ ಸಿಗುವುದು ಹೆಚ್ಚುಕಮ್ಮಿ ಮೂರು ಬಗೆ. ಮೈದಾನದಲ್ಲಿ ಹತ್ತು ಹನ್ನೆರಡು ನಾಯಿ ಸೇರಿಸಿ ಮಾಡುವ ಕ್ಲಾಸು. ತಿಂಗಳುಗಟ್ಟಲೆ ನಾಯಿಯನ್ನು ಅವರ ಜಾಗದಲ್ಲೇ ಇಟ್ಟುಕೊಂಡು ಕಲಿಸಿ ಕಳಿಸುವುದು, ಹಾಸ್ಟೆಲ್ ಇದ್ದ ಹಾಗೆ. ಇಲ್ಲ, ಒಬ್ಬರೇ ಟ್ರೇನರ್ ಮನೆಗೆ ಬಂದು ಒಂದೇ ನಾಯಿಗೆ ಕಲಿಸುವುದು. ಮೂರನೆಯದು ದುಬಾರಿ. ನಮಗೆ ಹೇಳಿದ ಲೆಕ್ಕದಲ್ಲಿ ಮೈದಾನದ ಕ್ಲಾಸಿಗೆ ಎಲ್ಲ ಸೇರಿ 6,000 ರೂಪಾಯಿ, ಮನೆಗೆ ಬರುವವರಿಗೆ ಒಂದು ಸಲಕ್ಕೇ 1,800. ಮನೆಯವರು ಎರಡನ್ನೂ ಬರೆದು ನನ್ನ ಮುಂದೆ ಇಟ್ಟರು. ಸಹಜವಾಗಿ ಮೊದಲು ಮೈದಾನಕ್ಕೇ ಹೋದೆವು.

ಆ ಭಾನುವಾರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಲ್ಯಾಬ್ರಡಾರ್‌ಗಳು, ಶಿಟ್ಜೂಗಳು, ಒಂದು ಜರ್ಮನ್ ಶೆಫರ್ಡ್. ಎಲ್ಲ ಒಂದನ್ನೊಂದು ಎಳೆದಾಡುತ್ತಾ ಖುಷಿಯಲ್ಲಿದ್ದವು. ಕೆಂಚಿ ಕಾರಿನಿಂದ ಇಳಿದವಳೇ ಕಾರಿನ ಅಡಿಗೆ ನುಗ್ಗಿದಳು. ಜೊಲ್ಲು ಸುರಿಯುತ್ತಿತ್ತು. ಮನೆಯಲ್ಲಿ ಹಾರಿ ಕಿತ್ತುಕೊಳ್ಳುವ ಪನೀರನ್ನು ಮೂಗಿನ ಹತ್ತಿರ ಹಿಡಿದರೂ ಮುಖ ತಿರುಗಿಸಿದಳು. ಅಲ್ಲಿದ್ದ ಟ್ರೇನರ್ ಅವಳ ಕೊರಳಿಗೆ ಚೋಕ್ ಚೈನ್, ಅಂದರೆ ಜಗ್ಗಿದರೆ ಬಿಗಿಯುವ ಸರಪಳಿ, ಹಾಕಿ ಹೊರಗೆ ಎಳೆದರು. "ಇದು ನಿಮ್ಮನ್ನ ಲೀಡರ್ ಅಂತ ಒಪ್ಪಿಕೊಂಡಿಲ್ಲ. ನೀವು ಆಲ್ಫಾ ಆಗಬೇಕು" ಅಂದರು. ಬೊಗಳಿದಾಗಲೆಲ್ಲ ಒಂದು ಜಗ್ಗು. ನಾಲ್ಕು ಜಗ್ಗಿಗೆ ಕೆಂಚಿ ಸುಮ್ಮನಾದಳು. ಕೂತಳು. ಅಲ್ಲಿದ್ದವರು "ನೋಡಿ, ಸರಿಹೋಯ್ತು" ಅಂದರು.

ಮನೆಗೆ ಬಂದು ಮಂಚದ ಕೆಳಗೆ ಸೇರಿದವಳು ಸಂಜೆ ದೀಪ ಹಚ್ಚುವ ಹೊತ್ತಿಗೂ ಹೊರಗೆ ಬರಲಿಲ್ಲ. ಮಗಳು ತಟ್ಟೆ ಹಿಡಿದು ಬಗ್ಗಿ ಕರೆದರೆ ಗೋಡೆ ಕಡೆಗೆ ಇನ್ನಷ್ಟು ಸರಿದಳು. ಮಗಳು ನನ್ನನ್ನು ನೋಡಿದ ನೋಟಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ರಾತ್ರಿ ಕೂತು ಓದಿದೆ. ಈ ಆಲ್ಫಾ, ಅಂದರೆ ಉಳಿದವರನ್ನು ಸೋಲಿಸಿ ಗುಂಪಿನ ಯಜಮಾನನಾದವನು, ಅನ್ನುವ ಮಾತು ಬಂದದ್ದು ತೋಳಗಳಿಂದ. ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದು. ಎಲ್ಲೆಲ್ಲಿಂದಲೋ ತಂದು ಒಂದೇ ಬೇಲಿಯೊಳಗೆ ಬಿಟ್ಟರೆ ಯಾವ ಪ್ರಾಣಿ ತಾನೇ ಜಗಳ ಆಡುವುದಿಲ್ಲ? ತೋಳಗಳ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಡೇವಿಡ್ ಮೀಚ್ 1970ರಲ್ಲಿ ತಮ್ಮ ಪುಸ್ತಕದಲ್ಲಿ ಆ ಪದವನ್ನು ಜನಕ್ಕೆ ಮುಟ್ಟಿಸಿದರು. ಅದೇ ಮೀಚ್ ಆಮೇಲೆ ವರ್ಷಗಟ್ಟಲೆ ಕಾಡಿನ ತೋಳಗಳ ಜೊತೆ ಕಳೆದು, ಅಲ್ಲಿರುವುದು ಅಪ್ಪ ಅಮ್ಮ ಮರಿಗಳ ಸಂಸಾರ, ಗೆದ್ದವನು ಸೋತವನು ಅಂತ ಏನೂ ಇಲ್ಲ ಅಂತ 1999ರಲ್ಲಿ ಬರೆದರು. ತೋಳದ ಬಗ್ಗೆಯೇ ನಿಜವಲ್ಲದ ಮಾತನ್ನು ನಮ್ಮ ಬೀದಿ ನಾಯಿಯ ಕೊರಳಿಗೆ ಸರಪಳಿ ಮಾಡಿ ಹಾಕಿದ್ದೆವು. ಸರಪಳಿಗೆ ಒಪ್ಪಿಗೆ ಕೊಟ್ಟವಳು ನಾನು. ಅದು ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೊಂದು ಸಂಗತಿಯೂ ಸಿಕ್ಕಿತು. ಪೋರ್ಚುಗಲ್ಲಿನ ಪೋರ್ಟೊ ಊರಿನ ಸುತ್ತಮುತ್ತ ಏಳು ಟ್ರೇನಿಂಗ್ ಶಾಲೆಗಳ 92 ಸಾಕುನಾಯಿಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕೆಲವು ಶಾಲೆಗಳಲ್ಲಿ ತಿಂಡಿ, ಆಟ ಕೊಟ್ಟು ಕಲಿಸುತ್ತಿದ್ದರು, ಕೆಲವು ಕಡೆ ಜಗ್ಗಿ ಗದರಿಸಿ. ಶಿಕ್ಷೆ ಜಾಸ್ತಿ ಇದ್ದ ಕಡೆಯ ನಾಯಿಗಳ ಎಂಜಲಿನಲ್ಲಿ ಕ್ಲಾಸಿನ ಆಮೇಲೆ ಒತ್ತಡದ ಹಾರ್ಮೋನು ಏರಿತ್ತು. ನನ್ನ ಮನಸ್ಸಿಗೆ ನಾಟಿದ್ದು ಅವರು ಮಾಡಿದ ಬಟ್ಟಲಿನ ಪರೀಕ್ಷೆ. ಕೋಣೆಯ ಒಂದು ಪಕ್ಕದ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಪಕ್ಕದ್ದು ಯಾವಾಗಲೂ ಖಾಲಿ. ನಾಯಿಗೆ ಇದು ರೂಢಿಯಾದ ಮೇಲೆ ನಡುವೆ ಒಂದು ಬಟ್ಟಲಿಡುತ್ತಾರೆ. ಅದರಲ್ಲಿ ಇರಬಹುದು, ಇಲ್ಲದೇ ಇರಬಹುದು. ಪ್ರೀತಿಯಿಂದ ಕಲಿತ ನಾಯಿ ಬೇಗ ಹೋಗಿ ನೋಡುತ್ತದೆ. ತುಂಬ ಪೆಟ್ಟು ತಿಂದು ಕಲಿತ ನಾಯಿ ನಿಧಾನವಾಗಿ ಹೋಗುತ್ತದೆ. ಅದಕ್ಕೆ ಒಳ್ಳೆಯದರ ನಿರೀಕ್ಷೆಯೇ ಕಮ್ಮಿಯಾಗಿರುತ್ತದೆ. ಮೈದಾನದಲ್ಲಿ ಕೆಂಚಿ ಸುಮ್ಮನೆ ಕೂತದ್ದು ಕಲಿತು ಅಲ್ಲ, ಆಸೆ ಬಿಟ್ಟು.

ಮೈದಾನದ ಕ್ಲಾಸು ಎಲ್ಲ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ನನ್ನ ನಾದಿನಿ ತನ್ನ ಲ್ಯಾಬ್ ಮರಿಯನ್ನು ಮೊದಲ ಲಸಿಕೆ ಆಗಿ ಸ್ವಲ್ಪ ದಿನಕ್ಕೇ ಪುಟ್ಟ ಗುಂಪಿನ ಕ್ಲಾಸಿಗೆ ಹಾಕಿದಳು, ತುಂಬ ಚೆನ್ನಾಗಿ ಬೆಳೆಯಿತು. ಮರಿಗೆ ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರದ ತನಕ ಲೋಕ ಪರಿಚಯ ಆಗುವ ಕಾಲ. ಆಗ ಕಂಡ ಕೊಡೆ, ಗಾಲಿಕುರ್ಚಿ, ಗಡ್ಡದ ಮುಖ, ಬೇರೆ ನಾಯಿ ಎಲ್ಲವೂ ಆಮೇಲೆ ಸಾಮಾನ್ಯವಾಗಿಬಿಡುತ್ತವೆ. ಕೆಂಚಿ ನಮಗೆ ಸಿಕ್ಕಾಗ ಆ ಕಾಲ ಎಂದೋ ಮುಗಿದಿತ್ತು. ಆ ಕಾಲದಲ್ಲಿ ಅವಳು ಏನು ಕಂಡಿದ್ದಳೋ.

ಹಾಸ್ಟೆಲ್ಲಿಗೆ ಒಂದು ಸಲ ಫೋನ್ ಮಾಡಿದೆ. ಕಲಿಸುವಾಗ ಬಂದು ನೋಡಬಹುದಾ ಅಂತ ಕೇಳಿದೆ. ಆಗಲ್ಲ ಅಂದರು. ಅಲ್ಲಿಗೆ ಅದು ಮುಗಿಯಿತು.

ಮೂರನೆಯ ದಾರಿ ಸಿಕ್ಕಿದ್ದು ನಮ್ಮ ಪಶುವೈದ್ಯರಿಂದ. ನಾನು ಟ್ರೇನರ್ ಬಗ್ಗೆ ಕೇಳಿದರೆ ಅವರು ಮೊದಲು ಕೆಂಚಿಯ ಕಿವಿ, ಹಲ್ಲು, ಸೊಂಟ ನೋಡಿದರು. ಎಡಗಡೆ ಹಿಂಗಾಲು ಮುಟ್ಟಿದಾಗ ಅವಳು ತುಟಿ ನೆಕ್ಕಿಕೊಂಡು ಮುಖ ತಿರುಗಿಸಿದಳು. ಎಕ್ಸ್‌ರೇ ತೆಗೆದರೆ ಹಳೆಯ ಮೂಳೆ ಮುರಿತ, ಸೊಟ್ಟಗೆ ಕೂಡಿಕೊಂಡಿತ್ತು. "ನೋವಿರೋ ನಾಯಿಗೆ ಪಾಠ ಹತ್ತಲ್ಲಮ್ಮ. ಮೊದಲು ನೋವು ಕಮ್ಮಿ ಮಾಡೋಣ" ಅಂದರು. ಎರಡು ವಾರ ಔಷಧಿ ಕೊಟ್ಟು, ಆಮೇಲೆ ಒಬ್ಬರ ನಂಬರ್ ಬರೆದುಕೊಟ್ಟರು. ನಡವಳಿಕೆ ಇದ್ದಕ್ಕಿದ್ದ ಹಾಗೆ ಕೆಟ್ಟಿದ್ದರೆ ದಯವಿಟ್ಟು ಟ್ರೇನರ್‌ಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಟ್ರೇನರ್ ಅಂತ ಬೋರ್ಡ್ ಹಾಕಿಕೊಳ್ಳಲು ನಮ್ಮಲ್ಲಿ ಯಾವ ಪರೀಕ್ಷೆಯೂ ಕಡ್ಡಾಯವಿಲ್ಲ. ಹಾಗಾಗಿ ಫೋನಿನಲ್ಲೇ ಕೇಳಬೇಕು. ನಾನು ಕೇಳಿದ್ದು ಇಷ್ಟೇ: ನಾಯಿ ನೀವು ಹೇಳಿದ ಹಾಗೆ ಮಾಡದಿದ್ದರೆ ನೀವೇನು ಮಾಡುತ್ತೀರಿ? ಅವರು, "ನಾನು ಹೇಳಿದ್ದು ಅದಕ್ಕೆ ಕಷ್ಟ ಆಯ್ತು ಅಂತ ಅರ್ಥ. ಸುಲಭ ಮಾಡ್ತೀನಿ" ಅಂದರು. ಗ್ಯಾರಂಟಿ ಕೊಡ್ತೀರಾ ಅಂತ ಮನೆಯವರು ಕೇಳಿದರು. "ಇಲ್ಲ ಸರ್. ಜೀವ ಇರೋದರ ಬಗ್ಗೆ ಗ್ಯಾರಂಟಿ ಕೊಡೋರು ಸಿಕ್ಕರೆ ನಂಬಬೇಡಿ." ಅವತ್ತೇ ಎಂಟು ಭೇಟಿಗೆ ಒಪ್ಪಿಕೊಂಡೆವು.

ಮೊದಲ ದಿನ ಅವರು ಬರುವಾಗ ಬೆಲ್ ಮಾಡಲಿಲ್ಲ. ಕೆಳಗಿನಿಂದ ಫೋನ್ ಮಾಡಿದರು. ಕೆಂಚಿಯನ್ನು ಒಳಕೋಣೆಯಲ್ಲಿ ಇಟ್ಟು, ಅವರು ಬಂದು ಹಾಲಿನ ನೆಲದ ಮೇಲೆ ಗೋಡೆಗೆ ಒರಗಿ ಕೂತ ಮೇಲೆ ಬಾಗಿಲು ತೆಗೆದೆವು. ಕೆಂಚಿ ಬೊಗಳಿದಳು. ಅವರು ಅವಳ ಕಡೆ ನೋಡಲೂ ಇಲ್ಲ, ಕೈ ಚಾಚಲೂ ಇಲ್ಲ. ನಮ್ಮ ಜೊತೆ ಮಾತಾಡುತ್ತಾ ಆಗಾಗ ಒಂದೊಂದು ಪನೀರ್ ಚೂರನ್ನು ತಮ್ಮಿಂದ ದೂರಕ್ಕೆ ಎಸೆಯುತ್ತಿದ್ದರು. ಹತ್ತಿರಕ್ಕೆ ಕರೆಯುವುದಕ್ಕೆ ಅಲ್ಲ, ದೂರ ಹೋಗುವುದಕ್ಕೆ. ತಿನ್ನಲು ದೂರ ಹೋಗಬಹುದು ಅಂತ ಗೊತ್ತಾದ ಮೇಲೆ ಕೆಂಚಿ ತಾನಾಗೇ ಹತ್ತಿರ ಬಂದು ಅವರ ಚೀಲ ಮೂಸಿದಳು. ಇಷ್ಟಕ್ಕೆ ನಲವತ್ತು ನಿಮಿಷ. ದುಡ್ಡು ಕೊಟ್ಟು ಕರೆಸಿದವರು ಸುಮ್ನೆ ಕೂತಿದ್ದಾರಲ್ಲ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಆದರೆ ಅವರು ಸುಮ್ನೆ ಕೂತಿರಲಿಲ್ಲ. ನೋಡುತ್ತಿದ್ದರು.

ನಮ್ಮತ್ತೆ ಅಡುಗೆಮನೆಯಲ್ಲಿ ಸಾರಿಗೆ ಕಾಯಿ ತುರಿಯಲು ಕೂತರು. ತುರಿಮಣೆ ನೆಲಕ್ಕಿಟ್ಟ ಸದ್ದಿಗೆ ಕೆಂಚಿ ಎದ್ದು ಒಳಗೆ ಹೋದಳು. ಅತ್ತೆಯ ಮೊಣಕಾಲಿಗೆ ತಾಗಿದ ಹಾಗೆ ಒಂದು ಕಡೆಗೆ ಸೊಂಟ ವಾಲಿಸಿ ಕೂತಳು. ಬಾಲ ಸಡಿಲವಾಗಿ ಡೊಂಕಾಗಿ ಬೆನ್ನ ಮೇಲೆ ಬಂತು. ಅತ್ತೆ ಚಿಪ್ಪಿನ ಅಂಚಿಂದ ಬೆರಳುಗುರಿನಷ್ಟು ಕಾಯಿ ಚೂರು ಕೊಟ್ಟರು. ಇದು ನಮ್ಮ ಮನೆಯಲ್ಲಿ ದಿನಾ ನಡೆಯುವುದು. ನಾವ್ಯಾರೂ ಅದನ್ನು ಒಂದು ಸಂಗತಿ ಅಂತ ಎಣಿಸಿರಲೇ ಇಲ್ಲ.

ಟ್ರೇನರ್ ಬಾಗಿಲ ಹತ್ತಿರ ಬಂದು ನಿಂತು, "ಅಮ್ಮ, ಇವಳು ದಿನಾ ಹೀಗೆ ಕೂರ್ತಾಳಾ?" ಅಂತ ಮೆಲ್ಲಗೆ ಕೇಳಿದರು.

"ಹೂಂ ಕಣಮ್ಮ. ತುರಿಮಣೆ ತೆಗೆದರೆ ಸಾಕು, ಎಲ್ಲಿದ್ದರೂ ಬರ್ತಾಳೆ" ಅಂದರು ಅತ್ತೆ.

"ಹಾಗಾದರೆ ಇವಳ ಪಾಠ ಇಲ್ಲಿಂದಲೇ ಶುರು."

ನಾನು ಒಬ್ಬರೇ ಟ್ರೇನರ್ ಬೇಕು ಅಂತ ಹಟ ಹಿಡಿದದ್ದು ಸರಿ ಅಂತ ಗೊತ್ತಾದದ್ದು ಆ ನಿಮಿಷದಲ್ಲಿ. ಯಾವ ಮೈದಾನದಲ್ಲಿ ತುರಿಮಣೆ ಇರುತ್ತದೆ? ಯಾವ ಹಾಸ್ಟೆಲ್ಲಿನಲ್ಲಿ ನಮ್ಮತ್ತೆಯ ಮೊಣಕಾಲು ಇರುತ್ತದೆ? ಕೆಂಚಿಯ ಭಯ ಇದ್ದದ್ದು ನಮ್ಮ ಮೆಟ್ಟಿಲಲ್ಲಿ. ಅವಳ ಧೈರ್ಯ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ. ಎರಡರ ನಡುವೆ ಹೆಚ್ಚೆಂದರೆ ಹದಿನೈದು ಅಡಿ. ಬಂದು ಕೂತು ನೋಡಿದವರಿಗೆ ಮಾತ್ರ ಕಾಣುವ ದೂರ ಅದು.

ಹೋಗುವ ಮೊದಲು ಒಂದು ವಾರದ ಕೆಲಸ ಕೊಟ್ಟರು. ಏನೂ ಕಲಿಸಬೇಡಿ, ಬರೀರಿ ಅಷ್ಟೇ ಅಂದರು. ಕೆಂಚಿ ಯಾವಾಗ ಬೊಗಳಿದಳು, ಅದಕ್ಕೆ ಮೊದಲು ಏನಾಗಿತ್ತು, ರಾತ್ರಿ ನಿದ್ದೆ ಬಂದಿತ್ತಾ. ಮಗಳು ಹಳೇ ಕಾಪಿ ಪುಸ್ತಕದಲ್ಲಿ ಗೆರೆ ಎಳೆದು ಬರೆದಳು. ವಾರ ಮುಗಿದಾಗ ಆ ಪುಸ್ತಕ ನೋಡಿ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆರೂವರೆಗೆ ಹಾಲಿನವನ ಬೈಕು. ಏಳಕ್ಕೆ ಕಸದ ಆಟೋದ ಹಾಡು. ಏಳೂಮುಕ್ಕಾಲಿಗೆ ಸ್ಕೂಲ್ ವ್ಯಾನಿನ ಹಾರನ್. ಎಂಟೂವರೆಗೆ ಮೇಲಿನ ಮನೆಗೆ ಕೊರಿಯರ್. ಬಾಲ್ಕನಿ ಗ್ರಿಲ್ಲಿಗೆ ಮುಖ ಒತ್ತಿಕೊಂಡು ಒಂದೊಂದಕ್ಕೂ ಬೊಗಳಿ ಬೊಗಳಿ, ಒಂದರ ಹೆದರಿಕೆ ಇಳಿಯುವ ಮೊದಲೇ ಇನ್ನೊಂದು. ಒಂಬತ್ತಕ್ಕೆ ನೀರಿನ ಹುಡುಗ. ಅವನು ಐದನೆಯವನು. ಮೊದಲನೆಯವನಾಗಿ ಬಂದಿದ್ದರೆ ಬರೀ ಬೊಗಳಿಸಿಕೊಂಡು ಹೋಗುತ್ತಿದ್ದನೋ ಏನೋ. ತುಂಬಿದ ಕೊಡಕ್ಕೆ ಕೊನೆಯ ಹನಿ ಅವನಾದ.

ಆದ್ದರಿಂದ ಮೊದಲು ಮಾಡಿದ್ದು ಕೆಂಚಿಗೆ ಪಾಠ ಅಲ್ಲ. ಬಾಲ್ಕನಿ ಗ್ರಿಲ್ಲಿನ ಕೆಳಭಾಗಕ್ಕೆ ಬಿದಿರಿನ ಚಾಪೆ ಕಟ್ಟಿದೆವು, ಬೀದಿ ಕಾಣಬಾರದು ಅಂತ. ಬೆಳಗಿನ ನಡಿಗೆಯನ್ನು ಐದೂವರೆಗೆ ತಂದೆವು. ನಡಿಗೆಯಲ್ಲಿ ಅವಳು ಒಂದು ಕಂಬ ಐದು ನಿಮಿಷ ಮೂಸಿದರೂ ಎಳೆಯುವ ಹಾಗಿಲ್ಲ. ಕೊರಳ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ತಂದೆವು. ಮುಂಬಾಗಿಲ ಒಳಗೆ ಮಕ್ಕಳಿರುವ ಮನೆಯಲ್ಲಿ ಹಾಕುವಂಥ ಪುಟ್ಟ ಗೇಟು ಹಾಕಿಸಿದೆವು. ಇನ್ನು ಮುಂದೆ ಯಾರ ಪ್ಯಾಂಟೂ ಹರಿಯಬಾರದು, ಕಲಿಯುವುದು ಎಷ್ಟು ದಿನವಾದರೂ ಆಗಲಿ. ಇದಿಷ್ಟರಿಂದಲೇ ಹತ್ತು ದಿನದಲ್ಲಿ ಬೊಗಳುವುದು ಅರ್ಧಕ್ಕರ್ಧ ಕಮ್ಮಿಯಾಯಿತು.

ಆಮೇಲೆ ಪಾಠ. ಹೆಲ್ಮೆಟ್ಟು, ಬೆಲ್ಲು, ಕ್ಯಾನು ಇವುಗಳನ್ನು ಕಾಯಿ ಚೂರಿನ ಜೊತೆ ಸೇರಿಸುವುದು. ಕೇಳಲು ಬಹಳ ಸುಲಭ. ನಾನು ಎರಡು ವಾರ ಅದನ್ನು ತಪ್ಪಾಗಿ ಮಾಡಿದೆ, ಮತ್ತು ಆ ತಪ್ಪನ್ನು ಇಲ್ಲಿ ಬಿಡಿಸಿ ಬರೆಯಬೇಕು. ನಾಯಿ ಸಾಕಿರುವ ನನ್ನ ಗೆಳತಿಯರು ಸುಮಾರು ಜನ ಅದನ್ನೇ ಮಾಡುತ್ತಿದ್ದಾರೆ.

ನಾನು ಏನು ಮಾಡುತ್ತಿದ್ದೆ ಅಂದರೆ, ಕೆಳಗೆ ಬೈಕು ನಿಂತ ಸದ್ದು ಕೇಳಿದ ತಕ್ಷಣ ಓಡಿಹೋಗಿ ಡಬ್ಬಿಯಿಂದ ಕಾಯಿ ಚೂರು ತೆಗೆದು ಕೊಡುತ್ತಿದ್ದೆ, ಮನುಷ್ಯ ಕಾಣುವ ಮೊದಲೇ ಅವಳ ಮನಸ್ಸು ಬೇರೆ ಕಡೆ ತಿರುಗಲಿ ಅಂತ. ಹತ್ತು ದಿನಕ್ಕೆ ಏನಾಯಿತು ಗೊತ್ತಾ? ಡಬ್ಬಿಯ ಮುಚ್ಚಳದ ಸದ್ದಿಗೇ ಕೆಂಚಿ ಕಿವಿ ನೆಟ್ಟಗೆ ಮಾಡಿ ಬಾಗಿಲಿನ ಕಡೆ ನೋಡಿ ಗುರ್ ಅನ್ನಲು ಶುರು ಮಾಡಿದಳು. ಅವಳಿಗೆ ಅಷ್ಟು ಇಷ್ಟದ ಕಾಯಿ ಚೂರು, ಯಾರೋ ಬರುತ್ತಿದ್ದಾರೆ ಅನ್ನುವ ಸೂಚನೆಯಾಗಿಬಿಟ್ಟಿತ್ತು.

ಟ್ರೇನರ್ ನೋಡಿ ನಗಲಿಲ್ಲ, ಬೈಯಲಿಲ್ಲ. ಶಾಲೆಯಲ್ಲಿ ಎಲ್ಲರೂ ಓದಿದ ಪಾವ್ಲೋವ್‌ನ ನಾಯಿಯನ್ನು ನೆನಪಿಸಿದರು. ಮೊದಲು ಸದ್ದು, ಆಮೇಲೆ ಊಟ. ಆ ಕ್ರಮಕ್ಕೇ ನಾಯಿಗೆ ಸದ್ದು ಕೇಳಿದರೆ ಜೊಲ್ಲು ಬಂದದ್ದು. ಊಟ ಕೊಟ್ಟು ಆಮೇಲೆ ಸದ್ದು ಮಾಡಿದ್ದರೆ ಆ ಪಾಠ ಹತ್ತುತ್ತಿರಲಿಲ್ಲ. "ಮೊದಲು ಹೆಲ್ಮೆಟ್ ಅವಳ ಕಣ್ಣಿಗೆ ಬೀಳಲಿ ಮೇಡಂ. ಅವಳು ನೋಡಲಿ. ಒಂದು, ಎರಡು ಅಂತ ಎಣಿಸಿ. ಆಮೇಲೆ ಚೂರು. ಹೆಲ್ಮೆಟ್ ಮರೆಯಾದ ತಕ್ಷಣ ಚೂರು ಬಂದ್." ಅಷ್ಟೇ ಬದಲಾವಣೆ. ಎರಡು ಸೆಕೆಂಡು ಹಿಂದೆ ಮುಂದೆ. ಇದನ್ನು ನಾನು ಅದೆಷ್ಟೋ ವಿಡಿಯೋಗಳಲ್ಲಿ ನೋಡಿದ್ದೆ. ನನ್ನ ಕೈ ಎರಡು ಸೆಕೆಂಡು ಮುಂಚೆ ಡಬ್ಬಿಗೆ ಹೋಗುತ್ತಿದೆ ಅಂತ ಯಾವ ವಿಡಿಯೋ ಹೇಳುತ್ತದೆ? ಪಕ್ಕದಲ್ಲಿ ಕೂತವರೇ ಹೇಳಬೇಕು. ಎಂಟು ಭೇಟಿಯಲ್ಲಿ ಅವರು ಕೆಂಚಿಯನ್ನು ತಿದ್ದಿದ್ದಕ್ಕಿಂತ ನನ್ನ ಕೈಯನ್ನು ತಿದ್ದಿದ್ದೇ ಜಾಸ್ತಿ.

ದೂರ ಎಷ್ಟಿರಬೇಕು ಅನ್ನುವುದು ಇನ್ನೊಂದು ಪಾಠ. ಮನೆಯವರು ಹೆಲ್ಮೆಟ್ ಹಾಕಿಕೊಂಡು ಟೆರೇಸಿನ ಆ ತುದಿಯಲ್ಲಿ ನಿಂತರು. ಹದಿನಾಲ್ಕು ಹೆಜ್ಜೆ ದೂರದಲ್ಲಿ ಕೆಂಚಿ ನೋಡುತ್ತಾಳೆ, ತಿನ್ನುತ್ತಾಳೆ. ಹನ್ನೆರಡು ಹೆಜ್ಜೆಗೆ ಬಂದರೆ ತುಟಿ ನೆಕ್ಕುತ್ತಾಳೆ, ಬಾಲದ ಡೊಂಕು ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ ಹಿಂದೆ ಹೋಗಬೇಕು. ನಾಯಿ ಬಾಲ ಡೊಂಕು ಅಂತ ನಾವು ಬೈಗುಳದ ಹಾಗೆ ಹೇಳುತ್ತೇವೆ. ನಮ್ಮ ನಾಡ ನಾಯಿಗೆ ಬಾಲ ಸಡಿಲವಾಗಿ ಡೊಂಕಾಗಿರುವುದೇ ನೆಮ್ಮದಿ. ಮಗಳು ಈಗ ಬೀದಿಯಲ್ಲಿ ಯಾವ ನಾಯಿ ಕಂಡರೂ ಮೊದಲು ಬಾಲ ನೋಡುತ್ತಾಳೆ. ಗುರ್ ಅಂದಾಗ ಗದರಿಸಬಾರದು ಅನ್ನುವುದನ್ನೂ ಅವಳೇ ನನಗಿಂತ ಚೆನ್ನಾಗಿ ಕಲಿತಳು. ಗುರ್ ಅನ್ನುವುದು ದೂರ ಹೋಗಿ ಅನ್ನುವ ಕೋರಿಕೆ. ಬೈದು ಅದನ್ನು ಬಾಯಿ ಮುಚ್ಚಿಸಿದರೆ, ನಾಳೆ ಆ ನಾಯಿ ಕೇಳಿಕೊಳ್ಳದೇ ಕಚ್ಚಬಹುದು.

ಅತ್ತೆಗೆ ಮೊದಲು ಇದೆಲ್ಲ ಹಿಡಿಸಿರಲಿಲ್ಲ. "ನಮ್ಮೂರಲ್ಲಿ ನಾಯಿಗೆ ಯಾರು ಮೇಷ್ಟ್ರು ಇಟ್ಟಿದ್ದರೇ?" ಅಂತ ಕೇಳಿದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು ನೀರಿನ ಹುಡುಗನಿಂದ. ಐದನೇ ಭೇಟಿಯ ಹೊತ್ತಿಗೆ ಅವನನ್ನೇ ಕೇಳಿದೆವು, ದಿನಾ ಐದು ನಿಮಿಷ ಕೆಳಗೆ ನಿಂತು ನಮಗೆ ಸಹಾಯ ಮಾಡ್ತೀಯಾ, ಆ ಹೊತ್ತಿಗೆ ದುಡ್ಡು ಕೊಡ್ತೀವಿ ಅಂತ. ಇಷ್ಟವಿಲ್ಲದಿದ್ದರೆ ಬೇಡ, ನಾವೇ ಕೆಳಗೆ ಬಂದು ಕ್ಯಾನ್ ಒಯ್ತೀವಿ ಅಂತಲೂ ಹೇಳಿದೆವು. ಅವನು ಒಪ್ಪಿದ. ಹರಿದ ಪ್ಯಾಂಟಿನ ಬದಲು ತೆಗೆಸಿಕೊಟ್ಟಿದ್ದ ಹೊಸ ಪ್ಯಾಂಟು ಹಾಕಿಕೊಂಡು, ಮೆಟ್ಟಿಲ ಬುಡದಲ್ಲಿ ಕ್ಯಾನ್ ಇಟ್ಟುಕೊಂಡು ನಿಲ್ಲುತ್ತಿದ್ದ. ಮೇಲೆ ಪುಟ್ಟ ಗೇಟಿನ ಒಳಗೆ ಕೆಂಚಿ, ಅವಳ ಹಿಂದೆ ತುರಿಮಣೆ ಇಟ್ಟುಕೊಂಡು ಅತ್ತೆ. ಅವನು ಕಂಡಾಗಲೆಲ್ಲ ಅತ್ತೆ ಒಂದು ಚೂರು ಎಸೆಯುವರು. ಅವನು ಪಕ್ಕಕ್ಕೆ ಸರಿದರೆ ಎಸೆಯುವುದು ನಿಲ್ಲುವುದು. ಪನೀರ್ ಚೂರು ಸಣ್ಣಗೆ, ಕಾಯಿ ಇನ್ನೂ ಸಣ್ಣಗೆ, ಎಣ್ಣೆ ಜಾಸ್ತಿ ಅಂತ ಟ್ರೇನರ್ ಅಳತೆ ಹೇಳಿದ್ದರು. ಸಾರಿನ ಅನ್ನ, ಈರುಳ್ಳಿ ಬಿದ್ದದ್ದು ಯಾವುದೂ ಕೊಡುವ ಹಾಗಿಲ್ಲ. ಈರುಳ್ಳಿ ನಾಯಿಯ ರಕ್ತಕ್ಕೆ ಕೆಡುಕು. ಅತ್ತೆ ಅಳತೆಗೆ ಒಂದು ಹಳೇ ಒಳಲೆ ಇಟ್ಟುಕೊಂಡರು. ಒಳಲೆ ಖಾಲಿಯಾದರೆ ಅವತ್ತಿನ ಪಾಠ ಮುಗಿಯಿತು.

ಒಂದು ದಿನ ಅವನು ಕೆಳಗಿಂದಲೇ ಅತ್ತೆಗೆ ಹೇಳಿದ: "ನಮ್ಮೂರಾಗ ಕುರಿ ಕಾಯೋ ನಾಯಿ ಅದಾವ್ರಿ ಅಮ್ಮಾರ. ಅವಕ್ಕ ಯಾರೂ ಸಾಲಿ ಕಲಿಸಿಲ್ರಿ. ಆದ್ರ ಅವು ಹೊಲ್ದಾಗ ಇರ್ತಾವ್ರಿ. ಹೆದರಿಕಿ ಆದ್ರ ನಾಕ್ ಮಾರು ದೂರ ಹೋಗಿ ನಿಲ್ತಾವ. ಇಲ್ಲಿ ಎಲ್ಲಿ ಹೋಗ್ಬೇಕ್ರಿ ಅದು?"

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ನನ್ನ ಹತ್ತಿರ, "ಆ ಹುಡುಗ ಹೇಳಿದ್ದು ಸರಿ ಕಣೇ" ಅಂದರು. ನಮ್ಮೂರಿನ ನಾಯಿಗೆ ಜಗುಲಿ ಇತ್ತು, ಹಿತ್ತಿಲಿತ್ತು, ತೋಟವಿತ್ತು. ಬೇಡದವರು ಬಂದರೆ ಎದ್ದು ಹೋಗಿ ಹುಣಸೆಮರದ ಕೆಳಗೆ ಮಲಗುತ್ತಿತ್ತು. ನಾವು ಕೆಂಚಿಯನ್ನು ಮೂರಡಿ ಅಗಲದ ಮೆಟ್ಟಿಲಿಗೆ ತಂದು ಇಟ್ಟುಕೊಂಡಿದ್ದೇವೆ. ಅವಳಿಂದ ಕಿತ್ತುಕೊಂಡ ದೂರವನ್ನು ಹೇಗಾದರೂ ವಾಪಸ್ ಕೊಡಬೇಕು.

ಎಂಟು ಭೇಟಿ ಮುಗಿದು ಈಗ ಐದು ತಿಂಗಳು. ಒಟ್ಟು 14,400 ರೂಪಾಯಿ, ಜೊತೆಗೆ ಗೇಟು, ಹಾರ್ನೆಸ್ಸು, ಎಕ್ಸ್‌ರೇ. ನಮ್ಮ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಆ ವರ್ಷದ ಪ್ರವಾಸ ಬಿಟ್ಟೆವು. ಅಷ್ಟು ಆಗದವರು ಒಂದೋ ಎರಡೋ ಭೇಟಿ ಮಾಡಿಸಿಕೊಂಡು, ನಿಮ್ಮ ಮನೆ ತೋರಿಸಿ, ನಿಮ್ಮ ಕೈ ತಿದ್ದಿಸಿಕೊಂಡು, ಉಳಿದದ್ದನ್ನು ನೀವೇ ಮಾಡಿ. ಅದೂ ಸಾಧ್ಯ. ನಮಗೂ ನಿಜವಾದ ಕೆಲಸ ನಡೆದದ್ದು ಅವರು ಬಾರದ ದಿನಗಳಲ್ಲೇ.

ಕೆಂಚಿ ಎಲ್ಲರನ್ನೂ ಮುದ್ದಾಡುವ ನಾಯಿ ಆಗಿಲ್ಲ. ಆಗಲಿ ಅಂತ ನನಗೆ ಆಸೆಯೂ ಇಲ್ಲ. ಆಸ್ಪತ್ರೆಗೆ ಹೋಗುವಾಗ ಮೂತಿಗೆ ಬುಟ್ಟಿಯಂಥ ಮಜಲ್, ಅಂದರೆ ಬಾಯಿಕುಕ್ಕೆ, ಹಾಕುತ್ತೇವೆ, ಅದರೊಳಗೆ ನಾಲಿಗೆ ಚಾಚಿ ಉಸಿರಾಡಬಹುದು, ನೀರು ಕುಡಿಯಬಹುದು. ಅದಕ್ಕೂ ಮೂರು ವಾರ ಕಾಯಿ ಚೂರು ಇಟ್ಟು ಅಭ್ಯಾಸ ಮಾಡಿಸಿದ್ದು. ಕೊರಿಯರ್ ಹುಡುಗರಿಗೆ ಈಗಲೂ ಬಾಗಿಲ ಹೊರಗೆ ಇಡಲು ಹೇಳುತ್ತೇವೆ. ದೀಪಾವಳಿ ಹತ್ತಿರ ಬರುತ್ತಿದೆ. ಪಟಾಕಿಗೆ ಏನು ಮಾಡಬೇಕು ಅಂತ ಡಾಕ್ಟರ್ ಮತ್ತು ಟ್ರೇನರ್ ಇಬ್ಬರನ್ನೂ ಕೇಳಿಟ್ಟಿದ್ದೇನೆ. ಒಳಕೋಣೆಯ ಕಿಟಕಿಗೆ ದಪ್ಪ ಪರದೆ ಹೊಲಿಸಿದ್ದಾಗಿದೆ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಬೆಲ್ ಆಯಿತು. ಕೆಂಚಿ ಎದ್ದಳು. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ನಿಂತಳು. ಮೆಟ್ಟಿಲ ಮೇಲೆ ಹೆಲ್ಮೆಟ್ ಕಾಣಿಸಿತು, ಆಮೇಲೆ ಭುಜ, ಭುಜದ ಮೇಲೆ ನೀಲಿ ಕ್ಯಾನು. ಅವಳು ಅದನ್ನು ನೋಡಿದಳು. ನಾನು ಮನಸ್ಸಿನಲ್ಲೇ ಒಂದು, ಎರಡು ಅಂದುಕೊಂಡೆ. ಕೆಂಚಿ ಕತ್ತು ತಿರುಗಿಸಿ ಅಡುಗೆಮನೆಯ ಕಡೆ ನೋಡಿದಳು.

"ಬಂದೆ ತಾಳೇ" ಅಂದರು ಅತ್ತೆ, ತುರಿಮಣೆ ಎತ್ತಿಕೊಳ್ಳುತ್ತಾ.